ಶನಿವಾರದ ರಿಪೇರಿ

ವಿದ್ಯಾ ಅವನನ್ನು ಮೊದಲ ಸಲ ಮಾತಾಡಿಸಿದ್ದೇ ಬೈಯುವುದಕ್ಕೆ. ಅಂಕೋಲೆಯ ಬಸ್ ಸ್ಟ್ಯಾಂಡಿನ ಹತ್ತಿರ ಅವಳ ಮುಂದೆ ಹೋಗುತ್ತಿದ್ದ ಹಳೇ ಬಿಳಿ ಕಾರು ಹೇಳದೆ ಕೇಳದೆ ನಿಂತುಬಿಟ್ಟಿತ್ತು. ಅವಳ ಸ್ಕೂಟರಿನ ಮುಂಚಕ್ರ ಬಂಪರಿಗೆ ಇನ್ನು ಬೆರಳಗಲ ಇದೆ ಅನ್ನುವಾಗ ನಿಂತಿತು. ಇಳಿದು ಹೋಗಿ ಕಿಟಕಿ ಬಡಿದಳು.

“ಬ್ರೇಕ್ ಹಾಕಿದ್ರೆ ಲೈಟ್ ಬೀಳ್ತಿಲ್ಲ ನಿಮ್ದು. ಗೊತ್ತದ್ಯಾ?”

“ನಾ ಮುಂದೆ ಕೂತವ. ಹಿಂದೆ ಬೀಳೂದು ನಂಗೆ ಹೆಂಗೆ ಕಾಣ್ಬೇಕು?” ಎಂದ ಅವನು. ಸಿಟ್ಟಿನಿಂದಲ್ಲ, ನಿಜವಾಗಿಯೂ ಕೇಳುತ್ತಿದ್ದ ಹಾಗೆ. ಅವಳಿಗೆ ನಗು ಬಂತು. ನಗು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಹೆಸರು ಯೋಗೇಶ. ಮನೆ ರಾಮನಗುಳಿಯಲ್ಲಿ; ದಿನವೂ ಅಂಕೋಲೆ ದಾಟಿ ಕಾರವಾರಕ್ಕೆ ಹೋಗಿಬರುತ್ತಿದ್ದ. ಕಾರವಾರದ ಪೇಟೆಯಲ್ಲಿ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುವ ಸಣ್ಣ ಅಂಗಡಿ ಇಟ್ಟಿದ್ದ. ನಲವತ್ತು ದಾಟಿತ್ತು; ಮದುವೆಯಾಗಿ ಎರಡೇ ವರ್ಷಕ್ಕೆ ಮುರಿದುಕೊಂಡು ಒಬ್ಬನೇ ಇದ್ದ. ಇದೆಲ್ಲ ಅವಳಿಗೆ ಆಮೇಲೆ ತಿಳಿದದ್ದು. ಆ ದಿನ ತಿಳಿದದ್ದು ಅವನ ಕಾರಿಗೆ ಇಪ್ಪತ್ತಾರು ವರ್ಷ ಅನ್ನುವುದು ಮಾತ್ರ.

ವಿದ್ಯಾಳದು ಅಂಕೋಲೆಯಲ್ಲೇ ಅಪ್ಪನಿಂದ ಬಂದ ಆಟೋ ಎಲೆಕ್ಟ್ರಿಕಲ್ ಅಂಗಡಿ, ಗಾಡಿಗಳ ವಯರು, ದೀಪ ರಿಪೇರಿ ಮಾಡುವುದು. ಅಪ್ಪ ಇದ್ದಾಗಲೇ ಕೆಲಸ ಕಲಿತವಳು. ಅವರು ಹೋದ ಮೇಲೆ ಹತ್ತು ವರ್ಷದಿಂದ ತಾನೇ ನಡೆಸುತ್ತಿದ್ದಳು. ಮೂವತ್ತಾರು ಆಗಿತ್ತು. ನೋಡಲು ಬಂದ ಗಂಡಿನ ಕಡೆಯವರೆಲ್ಲ ಮೊದಲು ಅವಳ ಉಗುರು ನೋಡಿ, ಆಮೇಲೆ ಮುಖ ನೋಡಿ, ಚಹಾ ಕುಡಿದು ಹೋಗಿದ್ದರು.

ಆ ದಿನವೇ ಯೋಗೇಶನ ಕಾರನ್ನು ಅಂಗಡಿ ಮುಂದೆ ನಿಲ್ಲಿಸಿಕೊಂಡು ಅವಳು ಒಂದೊಂದಾಗಿ ನೋಡಿದಳು. ಬಲ್ಬು ಸುಟ್ಟಿರಲಿಲ್ಲ. ಫ್ಯೂಸು ಸರಿಯಿತ್ತು. ಉಳಿದದ್ದು ಪೆಡಲಿನ ಮೇಲಿರುವ ಹೆಬ್ಬೆರಳಿನಷ್ಟು ದೊಡ್ಡ ಸ್ವಿಚ್ಚು. ಕಾಲಿಟ್ಟು ಒತ್ತಿದರೆ ಅದರ ಪುಟ್ಟ ಕಡ್ಡಿ ಹೊರಗೆ ಬಂದು ಹಿಂದೆ ದೀಪ ಹೊತ್ತಬೇಕು. ಅವಳು ಸ್ಟಿಯರಿಂಗ್ ಕೆಳಗೆ ಅಂಗಾತ ಮಲಗಿ, ಅವನನ್ನು ಕಾರಿನ ಹಿಂದೆ ನಿಲ್ಲಿಸಿ, ಕೈಯಿಂದ ಪೆಡಲು ಒತ್ತಿದಳು.

“ಬಿತ್ತಾ?”

“ಬಿತ್ತು.”

“ಈಗ?”

“ಇಲ್ಲ. ಈಗ ಬಿತ್ತು. ಇಲ್ಲ. ಅದಕ್ಕೂ ಮನಸ್ಸು ಗಟ್ಟಿ ಇಲ್ಲ ಕಾಣ್ತದೆ.”

ಕತ್ತಲಲ್ಲಿ ಮಲಗಿದ್ದ ಅವಳು ಸದ್ದಿಲ್ಲದೆ ನಕ್ಕಳು. ಸ್ವಿಚ್ಚಿನ ಎರಡೂ ವಯರುಗಳನ್ನು ತಂತಿಯ ತುಂಡಿನಿಂದ ಸೇರಿಸಿದಾಗ ದೀಪ ಗಟ್ಟಿಯಾಗಿ ಹೊತ್ತಿತು. ಅಲ್ಲಿಗೆ ದೋಷ ಸ್ವಿಚ್ಚಿನದೇ ಎಂದು ಖಾತ್ರಿಯಾಯಿತು. ಒಳಗೆ ಒಂದಕ್ಕೊಂದು ತಾಗುವ ಪಾಯಿಂಟುಗಳು ಸವೆದು ಕಪ್ಪಾಗಿದ್ದವು. ಹೊಸದು ಹುಬ್ಬಳ್ಳಿಯಿಂದ ಬರಬೇಕಿತ್ತು. ಅಲ್ಲಿಯವರೆಗೆ ಉಜ್ಜಿ, ನಟ್ಟು ತಿರುಗಿಸಿ ಹೊಂದಿಸಿ ಕೊಟ್ಟಳು. ಮುಂದಿನ ಶನಿವಾರ ಬರಲು ಹೇಳಿದಳು.

ಅವನು ಬಂದ. ಕಾರವಾರದಿಂದ ಬಿಸಿ ಬನ್ಸ್ ಕಟ್ಟಿಸಿಕೊಂಡು ಬಂದ. ಹುಬ್ಬಳ್ಳಿಯ ಪಾರ್ಸೆಲ್ಲೂ ಆ ಬೆಳಿಗ್ಗೆಯೇ ಬಂದಿತ್ತು. ಹೊಸ ಸ್ವಿಚ್ಚು ಮೇಜಿನ ಮೇಲಿತ್ತು. ಕಾರಿನ ಸದ್ದು ಕೇಳಿದಾಗ ವಿದ್ಯಾಳ ಕೈ ತಾನಾಗಿಯೇ ಹೋಗಿ ಅದನ್ನು ಡ್ರಾಯರಿಗೆ ಹಾಕಿ ಮುಚ್ಚಿತು.

ಹಾಕಿದ್ದರೆ ಇಪ್ಪತ್ತು ನಿಮಿಷದ ಕೆಲಸ. ಆಮೇಲೆ ಅವನು ಬರಲು ಕಾರಣವೇ ಇರುತ್ತಿರಲಿಲ್ಲ.

“ಉಪ್ಪುಗಾಳಿಗೆ ಹಿಂಗೇ ಆಗೂದು,” ಎಂದಳು. “ಇನ್ನೊಂದು ವಾರ ನೋಡುವಾ.”

ಹೀಗೆ ಹನ್ನೊಂದು ಶನಿವಾರ ಕಳೆದವು. ಅವಳು ಉಜ್ಜಿ ಹೊಂದಿಸುತ್ತಿದ್ದಳು, ಅವನು ಹಿಂದೆ ನಿಂತು ಬಿತ್ತು, ಇಲ್ಲ ಅನ್ನುತ್ತಿದ್ದ. ಕೆಲಸ ಮುಗಿದ ಮೇಲೆ ಅಂಗಡಿಯ ಬೆಂಚಿನ ಮೇಲೆ ಕೂತು ಗಂಗಾವಳಿ ಹೊಳೆಯ ನೀರು, ಅವನ ಗಿರಾಕಿಗಳು, ಅವಳ ಅಪ್ಪ, ಹೀಗೆ ಏನೇನೋ ಮಾತಾಡುತ್ತಿದ್ದರು.

ಒಮ್ಮೆ ಅವಳು ವಯರನ್ನು ಕಣ್ಣಿಂದ ದೂರ ಹಿಡಿದು ನೋಡುವುದನ್ನು ಕಂಡು ಅವನು ಅವಳನ್ನು ಅಲ್ಲೇ ಕೂರಿಸಿ ಪರೀಕ್ಷೆ ಮಾಡಿದ. ಅವಳ ಗಲ್ಲವನ್ನು ಎರಡು ಬೆರಳಿನಿಂದ ಬೆಳಕಿನ ಕಡೆ ತಿರುಗಿಸಿದ. ಹತ್ತಿರದ್ದು ಕಾಣುತ್ತಿಲ್ಲ ನಿಮಗೆ, ಎಂದ.

“ದೂರದ್ದು ಕಾಣ್ತದೆ,” ಎಂದಳು ಅವಳು. “ಆ ತಿರುವಲ್ಲಿ ನಿಮ್ಮ ಕಾರು ಬರೂದು ಕಾಣ್ತದೆ.”

ಅವನ ಬೆರಳು ಗಲ್ಲದ ಮೇಲೆ ಒಂದು ಕ್ಷಣ ಹೆಚ್ಚೇ ನಿಂತಿತು. ಮುಂದಿನ ವಾರ ತೆಳು ಕಂದು ಚೌಕಟ್ಟಿನ ಕನ್ನಡಕ ತಂದ. ಅದನ್ನು ಹಾಕಿಕೊಂಡು ನೋಡಿದಾಗ ಅವನ ಕಿವಿಯ ಹತ್ತಿರದ ನಾಲ್ಕೈದು ಬಿಳಿ ಕೂದಲೂ ಅವಳಿಗೆ ಕಂಡವು. ಇಷ್ಟು ಹತ್ತಿರ ಬಂದು ನಿಂತವರು ಅವಳ ಬಾಳಿನಲ್ಲಿ ಯಾರೂ ಇರಲಿಲ್ಲ.

ಹನ್ನೊಂದನೆಯ ಶನಿವಾರದ ನಂತರದ ಸೋಮವಾರ ಬೆಳಿಗ್ಗೆ ಅದು ನಡೆಯಿತು.

ಅರ್ಗಾದ ಹತ್ತಿರ ನೌಕಾನೆಲೆಯ ಉದ್ದ ಗೋಡೆಯ ಪಕ್ಕ ಯೋಗೇಶನ ಕಾರಿಗೆ ದನ ಅಡ್ಡ ಬಂತು. ಅವನು ಜೋರಾಗಿ ಬ್ರೇಕ್ ಹಾಕಿದ. ಹಿಂದೆ ಮೊಪೆಡ್ಡಿನಲ್ಲಿ ಬರುತ್ತಿದ್ದ ಬೀರಾ ಗೌಡ ಬಂದು ಗುದ್ದಿದ. ಬೀರಾ ತೆಂಗಿನಮರ ಹತ್ತುವವನು. ಅಂಕೋಲೆಯ ಕಡೆಯಿಂದ ದಿನವೂ ಕಾರವಾರದ ಹಿತ್ತಿಲುಗಳಿಗೆ ಕಾಯಿ ಕೊಯ್ಯಲು ಹೋಗುತ್ತಿದ್ದ. ಬಲ ಮೊಣಕಾಲು ಬಂಪರಿಗೂ ಮೊಪೆಡ್ಡಿಗೂ ನಡುವೆ ಸಿಕ್ಕಿ ಚೂರಾಯಿತು. ಇನ್ನು ಮರ ಹತ್ತುವ ಮಾತಿಲ್ಲ ಎಂದು ಡಾಕ್ಟರು ಆ ಸಂಜೆಯೇ ಹೇಳಿದರು.

ಪೊಲೀಸರು ಕಾರನ್ನು ಠಾಣೆಗೆ ಒಯ್ದು ಬ್ರೇಕ್ ಒತ್ತಿ ನೋಡಿದರು. ಆ ಹೊತ್ತಿಗೆ ದೀಪ ಹೊತ್ತಿತು. ಯೋಗೇಶನೂ ಶನಿವಾರವಷ್ಟೇ ಲೈಟ್ ಚೆಕ್ ಮಾಡಿಸಿದ್ದೇನೆ ಎಂದು ಹೇಳಿಕೆ ಬರೆಸಿದ. ಅಂತರ ಬಿಡದೆ ಓಡಿಸಿದ್ದು ಬೀರಾನದೇ ತಪ್ಪು ಎಂದು ಬರೆದುಕೊಂಡರು.

ಯೋಗೇಶ ಇದನ್ನೆಲ್ಲ ಫೋನಿನಲ್ಲಿ ಹೇಳಿದ. ವಿದ್ಯಾ ಫೋನಿಟ್ಟು ಅಂಗಡಿಯ ಬಾಗಿಲು ಎಳೆದುಕೊಂಡು ಒಳಗೇ ಕೂತಳು.

ಬುಧವಾರ ಇಬ್ಬರೂ ಕಾರವಾರದ ಆಸ್ಪತ್ರೆಗೆ ಹೋದರು. ಬೀರಾ ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದ. ಹೆಂಡತಿ ಕಾಮಿ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಳು. ಇವರನ್ನು ಕಂಡೊಡನೆ ಬೀರಾ ಏಳಲು ಹೋಗಿ, ಆಗದೆ, ಕೈ ಮುಗಿದ.

“ನಂದೇ ತಪ್ಪಾಯ್ತು ಒಡೆಯಾ. ನಿಮ್ಮ ಗಾಡಿಗೂ ಪೆಟ್ಟಾಯ್ತು. ಲೈಟ್ ಬಿತ್ತಂತೆ, ನಂಗೆ ಕಾಣ್ಲೇ ಇಲ್ಲ. ಕಣ್ಣು ಹೋಯ್ತೋ ಏನೋ.”

ಕಣ್ಣಿನ ಚಿಂತೆಯೇ ಅವನಿಗೆ ದೊಡ್ಡದಾಗಿತ್ತು. ಕಣ್ಣು ಹೋದರೆ ಕೂತು ಮಾಡುವ ಕೆಲಸಕ್ಕೂ ಯಾರು ಕರೆಯುತ್ತಾರೆ ಎಂದು ಮತ್ತೆ ಮತ್ತೆ ಕೇಳಿದ. ಯೋಗೇಶ ಬ್ಯಾಗಿನಿಂದ ಟಾರ್ಚು ತೆಗೆದು ಅವನ ಎರಡೂ ಕಣ್ಣು ನೋಡಿದ. ಬೀರಾನಿಗೆ ಅಕ್ಷರ ಬರುತ್ತಿರಲಿಲ್ಲ. ಅದಕ್ಕೆ ಯೋಗೇಶ ಕಿಟಕಿಯಾಚೆ, ರಸ್ತೆಯ ಆ ಬದಿಯ ತೆಂಗಿನಮರ ತೋರಿಸಿ ಏನು ಕಾಣುತ್ತದೆ ಎಂದು ಕೇಳಿದ.

ಬೀರಾ ಒಂದು ಕಣ್ಣು ಮುಚ್ಚಿಕೊಂಡು ಹೇಳುತ್ತ ಹೋದ. ಬಲಿತ ಗೊನೆ ಎರಡು. ಎಡಗಡೆಯ ಗೊನೆಯಲ್ಲಿ ಒಂದು ಕಾಯಿಗೆ ಇಲಿ ಬಾಯಿ ಹಾಕಿದೆ. ಒಣಗಿದ ಒಂದು ಗರಿಯ ಹೆಡೆ ಇವತ್ತೋ ನಾಳೆಯೋ ಬೀಳುತ್ತದೆ, ಮರದ ಅಡಿಯಲ್ಲಿ ಯಾರೂ ನಿಲ್ಲಬಾರದು.

ವಿದ್ಯಾ ಕನ್ನಡಕ ತೆಗೆದು ಅತ್ತ ನೋಡಿದಳು. ಅವಳಿಗೆ ಗೊನೆ ಕಂಡವು, ಅಷ್ಟೆ. ಯೋಗೇಶ ಟಾರ್ಚನ್ನು ಬ್ಯಾಗಿಗೆ ಹಾಕಿದ. ನಿನ್ನ ಕಣ್ಣಿಗೆ ಏನೂ ಆಗಿಲ್ಲ, ಎಂದಷ್ಟೇ ಹೇಳಿ ಹೊರಗೆ ನಡೆದ.

ವರಾಂಡದ ಕೊನೆಯಲ್ಲಿ ಅವಳು ಅವನನ್ನು ತಡೆದು ನಿಲ್ಲಿಸಿದಳು. ಹೇಳುವುದನ್ನು ಬಸ್ಸಿನಲ್ಲಿ ಬರುವಾಗ ಹತ್ತು ತರಹ ಜೋಡಿಸಿಕೊಂಡಿದ್ದಳು. ಬಾಯಿಗೆ ಬಂದದ್ದು ಒಂದೇ ತರಹ.

“ಹೊಸ ಸ್ವಿಚ್ಚು ಎರಡನೇ ವಾರವೇ ಬಂದಿತ್ತು. ನಾ ಹಾಕ್ಲಿಲ್ಲ. ಹಾಕಿದ್ರೆ ನೀವು ಬರೂದು ನಿಲ್ತಿತ್ತು.”

ಅವನು ಬೈಯುತ್ತಾನೆ ಎಂದು ಕಾದಳು. ಬೈದರೆ ಚೆನ್ನಾಗಿತ್ತು. ಅವನು ಗೋಡೆಗೆ ಒರಗಿ ನೆಲ ನೋಡುತ್ತ ನಿಂತ.

“ನಂಗೆ ಗೊತ್ತಿತ್ತು,” ಎಂದ.

ಕಾರವಾರದಲ್ಲಿ ಅವನ ಅಂಗಡಿಯ ಪಕ್ಕ ರೋಷನ ಎಂಬ ಮೆಕ್ಯಾನಿಕ್ ಇದ್ದ. ಮೂರನೇ ವಾರವೇ ಅವನು ಕಾರು ನೋಡಿ, ಈ ಸ್ವಿಚ್ಚು ಸತ್ತಿದೆ, ಉಜ್ಜಿ ಪ್ರಯೋಜನವಿಲ್ಲ, ಈಗಲೇ ಬದಲಾಯಿಸಿ ಕೊಡುತ್ತೇನೆ ಎಂದಿದ್ದನಂತೆ. ಯೋಗೇಶ ಬೇಡ ಎಂದಿದ್ದ.

“ಸರಿಯಾಗಿ ಹೋದ್ರೆ ಶನಿವಾರ ಎಂತ ಹೇಳಿ ನಿಮ್ಮಲ್ಲಿಗೆ ಬರ್ಲಿ? ಬರಬೇಕು ಅಂತಿತ್ತು. ಬಾಯಿಬಿಟ್ಟು ಹೇಳೂಕೆ ಧೈರ್ಯ ಇರ್ಲಿಲ್ಲ.”

ಇಷ್ಟು ವಾರ ಅವಳು ಕೇಳಬೇಕೆಂದಿದ್ದ ಮಾತು ಅದೇ. ಅದನ್ನು ಎಲ್ಲೆಲ್ಲಿ, ಹೇಗೆ ಹೇಳಿಯಾನು ಎಂದು ಏನೆಲ್ಲ ಕಲ್ಪಿಸಿಕೊಂಡಿದ್ದಳು. ಈಗ ಫಿನಾಯಿಲ್ ವಾಸನೆಯ ಈ ವರಾಂಡದಲ್ಲಿ ಅದು ಸಿಕ್ಕಿತು. ಸಂತೋಷವೂ ಆಯಿತು. ಆ ಸಂತೋಷಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆ ಹುಟ್ಟಿತು.

“ಗೊತ್ತಿದ್ದೂ ಪೊಲೀಸರ ಹತ್ರ ಹಾಗೆ ಬರೆಸಿದ್ರಿ,” ಎಂದಳು.

“ಬರೆಸಿದೆ.”

ಅವಳೇ ಮುಂದಾಗಿ ಮೆಟ್ಟಿಲಿಳಿದಳು. ಅವನು ಹಿಂದೆ ಬಂದ.

ಠಾಣೆಯಲ್ಲಿ ಇಬ್ಬರೂ ಬೇರೆ ಬೇರೆಯಾಗಿ ಹೇಳಿಕೆ ಕೊಟ್ಟರು. ಬರೆದುಕೊಳ್ಳುತ್ತಿದ್ದ ಜಮಾದಾರರು ಅವಳನ್ನು ಎರಡು ಸಲ ಕೇಳಿದರು, ಗೊತ್ತಿದ್ದೂ ಯಾಕೆ ಹಾಕಲಿಲ್ಲ ಎಂದು. ಮೊದಲ ಸಲ ಅವಳು ಸ್ವಿಚ್ಚು ಬಂದ ತಾರೀಖು ಮಾತ್ರ ಹೇಳಿದಳು. ಎರಡನೇ ಸಲ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರು ಪೆನ್ನು ಎತ್ತಿ ಅವಳ ಮುಖ ನೋಡಿ, ಮತ್ತೆ ಬಗ್ಗಿ ಬರೆದರು. ತಪ್ಪು ಬೀರಾನ ಮೇಲಿಂದ ಇಳಿಯಿತು. ಯೋಗೇಶನ ಮೇಲೆ ಕೇಸಾಯಿತು. ಅವಳ ಹೆಸರೂ ಅದರಲ್ಲಿ ಸೇರಿತು.

ಅಲ್ಲಿಂದ ಮತ್ತೆ ಆಸ್ಪತ್ರೆಗೆ ಬಂದು ಬೀರಾನಿಗೆ ಹೇಳಿದರು. ವಿದ್ಯಾಳೇ ಹೇಳಿದಳು, ಏನನ್ನೂ ಬಿಡದೆ. ಬೀರಾ ಎಲ್ಲ ಕೇಳಿದ. ಅವನು ಸಿಟ್ಟಾಗಲಿಲ್ಲ. ಕಣ್ಣು ಸರಿ ಇದೆಯಲ್ಲ, ಎಂದು ತನಗೇ ಎಂಬಂತೆ ಹೇಳಿಕೊಂಡು, ಕಟ್ಟಿದ ಕಾಲಿನ ಕಡೆ ನೋಡುತ್ತ ಮಲಗಿದ.

ಕಾಮಿ ಎದ್ದು ನಿಂತಳು. ಧ್ವನಿ ಏರಿಸಲಿಲ್ಲ.

“ಅಲ್ಲಾ ತಂಗೀ, ನಿಮ್ಮಿಬ್ಬರಿಗೆ ಮಾತಾಡೂಕೆ ಬೇರೆ ಜಾಗ ಇರ್ಲಿಲ್ವಾ?”

ಉತ್ತರಕ್ಕೆ ಕಾಯದೆ ಅವಳು ಗಂಡನಿಗೆ ನೀರು ಕುಡಿಸಲು ತಿರುಗಿದಳು.

ಕಾರು ಠಾಣೆಯಲ್ಲೇ ಉಳಿದಿತ್ತು. ಬಸ್ ಸ್ಟ್ಯಾಂಡಿನಲ್ಲಿ ಅಂಕೋಲೆಯ ಬಸ್ಸಿಗೆ ಕಾಯುವಾಗ ಯೋಗೇಶ ಮೆಲ್ಲಗೆ ಕೇಳಿದ, ಇದೆಲ್ಲ ಒಂದು ದಡ ಕಂಡ ಮೇಲೆ ತನ್ನನ್ನು ಮದುವೆಯಾಗುತ್ತೀಯಾ ಎಂದು. ಇಬ್ಬರೂ ಸೇರಿ ಬೀರಾನ ಮನೆ ನೋಡಿಕೊಳ್ಳೋಣ, ಎಂದ. ಮೊದಲ ಸಲ ಏಕವಚನದಲ್ಲಿ ಮಾತಾಡಿದ್ದ.

“ನೋಡ್ಕೊಳ್ಳೂದು ನೋಡ್ಕೊಳ್ಳುವಾ,” ಎಂದಳು. “ನೀವು ನಿಮ್ಮಷ್ಟಕ್ಕೆ, ನಾ ನನ್ನಷ್ಟಕ್ಕೆ. ಮದುವೆ ಬೇಡ. ನೀವು ಸಂಜೆ ಬಾಗಿಲಲ್ಲಿ ಬಂದು ನಿಂತ್ರೆ ನಂಗೆ ಖುಷಿ ಆಗ್ತದೆ ಯೋಗೇಶ. ಆ ಖುಷಿ ಯಾರ ಕಾಲ ಮೇಲೆ ನಿಂತದ್ದು ಅಂತ ದಿನಾ ನೆಂಪಾಗ್ತದೆ. ನಂಗೆ ಆಗೂದಿಲ್ಲ.”

ಅವನು ಒತ್ತಾಯಿಸಲಿಲ್ಲ. ಒತ್ತಾಯಿಸಿದ್ದರೆ ಒಪ್ಪುತ್ತಿದ್ದಳೇನೋ, ಆ ಹೆದರಿಕೆಗೇ ಅವಳು ಅವನ ಮುಖ ನೋಡಲಿಲ್ಲ.

ಬಸ್ಸು ಬಂತು. ಇಬ್ಬರಿಗೂ ಇದ್ದದ್ದು ಅದೊಂದೇ ದಾರಿ. ಅವಳು ಮುಂದಿನ ಹೆಂಗಸರ ಸೀಟಿನಲ್ಲಿ ಕೂತಳು, ಅವನು ಎಲ್ಲೋ ಹಿಂದೆ. ಒಂದು ತಾಸು ಅವನ ಕಣ್ಣು ತನ್ನ ಕುತ್ತಿಗೆಯ ಮೇಲಿದೆ ಎಂದು ಅವಳಿಗೆ ಗೊತ್ತಿತ್ತು. ಒಮ್ಮೆಯೂ ತಿರುಗಲಿಲ್ಲ.

ಅಂಕೋಲೆಯಲ್ಲಿ ಅವಳು ಮೊದಲು ಇಳಿದಳು. ಅವನೂ ಅಲ್ಲೇ ಇಳಿದು ರಾಮನಗುಳಿಯ ಬಸ್ಸು ಹಿಡಿಯಬೇಕಿತ್ತು. ಅವಳು ರಸ್ತೆ ದಾಟಿ, ಹಣ್ಣಿನ ಗಾಡಿಗಳ ಆಚೆ ಹೋಗುವ ತನಕ ಅವನು ಬಸ್ಸಿನಿಂದ ಇಳಿಯಲೇ ಇಲ್ಲ.