ಮಾಲೆಗೆ ಬಿಟ್ಟುಕೊಟ್ಟ ತಂಪು

1984ರ ಮಾರ್ಚ್ ಕೊನೆಯ ವಾರ, ಬೆಳಿಗ್ಗೆ ಏಳು ಗಂಟೆ. ಹಾಲಿನ ವ್ಯಾನಿನಲ್ಲಿ ಕುರುಗೋಡು ಠಾಣೆಗೆ ಬಂದಿಳಿದ ನರ್ಸ್ ಸಾವಂತ್ರಮ್ಮನ ಬಿಳಿ ಸೀರೆಗೆ ರಕ್ತ ಮೆತ್ತಿತ್ತು. ಹಳ್ಳಿಯ ದವಾಖಾನೆಯಲ್ಲಿ ಕಾಂಪೌಂಡರ್ ಗೋಪಾಲಕೃಷ್ಣನನ್ನು ಯಾರೋ ಬಡಿದು ಕೊಂದಿದ್ದಾರೆ ಎಂದು ಹೇಳುವಷ್ಟರಲ್ಲಿ ಅವಳು ಒಂದು ಚೊಂಬು ನೀರು ಖಾಲಿ ಮಾಡಿದಳು. ಇನ್ಸ್‌ಪೆಕ್ಟರ್ ಚಿದಾನಂದಪ್ಪ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ಎರ್ರೆಪ್ಪನೊಂದಿಗೆ ಜೀಪು ಹತ್ತಿದ.

ಲಸಿಕೆ ಕೋಣೆಯ ಹೊಸ್ತಿಲ ಬಳಿಯೇ ಹೆಣ ಬಿದ್ದಿತ್ತು. ಗ್ಲೂಕೋಸ್ ಬಾಟಲಿ ತೂಗುಹಾಕುವ ಕಬ್ಬಿಣದ ಸ್ಟ್ಯಾಂಡಿನಿಂದ ತಲೆಯನ್ನು ಜಜ್ಜಿದ್ದರು. ಮುಖ ಎನ್ನುವುದೇ ಉಳಿದಿರಲಿಲ್ಲ. ಒಂದೇಟಿಗೆ ಸತ್ತವನನ್ನು ಹತ್ತೇಟು ಹೊಡೆದವನು ಕಳ್ಳನಂತೂ ಅಲ್ಲ ಎಂದುಕೊಂಡ ಚಿದಾನಂದಪ್ಪ. ನೆಲದ ಮೇಲೆ ಮಲ್ಲಿಗೆಯ ಮಾಲೆಗಳು ಕಾಲ್ತುಳಿತಕ್ಕೆ ಸಿಕ್ಕಿ ರಕ್ತದಲ್ಲಿ ನೆಂದಿದ್ದವು. ಫ್ರಿಜ್ಜಿನ ಬಾಗಿಲು ಮಾತ್ರ ಭದ್ರವಾಗಿ ಮುಚ್ಚಿತ್ತು. ತೆರೆದರೆ ಹುಚ್ಚುನಾಯಿ ಕಡಿತದ ಲಸಿಕೆಯ ಸೀಸೆಗಳು ಒಪ್ಪವಾಗಿ ನಿಂತಿದ್ದವು, ಮೈತುಂಬ ರಕ್ತದ ಬೆರಳಚ್ಚು.

"ಇವನ್ನ ನೀ ಇಟ್ಟಿಯೇನಮ್ಮ?"

"ಇಲ್ರಿ ಸಾಹೇಬ್ರ. ಹೆಣ ಮುಟ್ಟಿ ನೋಡಿ ಓಡಿ ಬಂದೀನಿ."

ಪಂಚನಾಮೆ ಅರ್ಧಕ್ಕೆ ಬಂದಿತ್ತು. ಜರಿ ರುಮಾಲಿನ ಹಿರಿಯನೊಬ್ಬ ಬಾಗಿಲಿಗೆ ಬಂದ. "ಮುಹೂರ್ತದ ಹೊತ್ತಾತ್ರಿ. ನಮ್ಮ ಮದಿವಿ ಹೂವಿನ ಮಾಲಿ..." ಹೆಣ ಕಂಡು ಅವನು ಹಿಂದಕ್ಕೆ ಸರಿದ.

ಆಗ ಸಾವಂತ್ರಮ್ಮ ಬಾಯಿಬಿಟ್ಟಳು. ಊರಿಗೆಲ್ಲ ಇರುವುದು ಇದೊಂದೇ ಫ್ರಿಜ್ಜು. ಬಳ್ಳಾರಿಯಿಂದ ತಂದ ಹೂವು ಈ ಸೆಕೆಗೆ ಬಾಡುತ್ತದೆ. ಯಾರ ಮನೆಯ ಮದುವೆಯಾದರೂ ಮಾಲೆಗಳು ಹಿಂದಿನ ರಾತ್ರಿ ಇಲ್ಲಿ ತಂಗುತ್ತವೆ, ಲಸಿಕೆ ಕಿಟಕಿಯ ಕಟ್ಟೆಗೆ ಹೋಗುತ್ತದೆ. ರಾತ್ರಿ ದವಾಖಾನೆಯಲ್ಲೇ ಮಲಗುತ್ತಿದ್ದ ಗೋಪಾಲಕೃಷ್ಣ ಯಾರಿಗೂ ಇಲ್ಲವೆಂದವನಲ್ಲ. ಹಾಳಾದ ಆ ಒಳ್ಳೆಯತನವೇ ಮುಳುವಾಗಿತ್ತು.

"ಔಷಧ ಕೆಡಂಗಿಲ್ಲೇನು?"

"ಕೆಡತೈತ್ರಿ. ಹೇಳಿದ್ರ, ಒಂದು ರಾತ್ರಿಗೆ ಏನಾಗಂಗಿಲ್ಲ ಬಿಡು ಅಂತಿದ್ದ."

"ಸೂಜಿ ಹಾಕಿಸ್ಕೊಂಡೂ ನಾಯಿ ಕಡಿತಕ್ಕ ಸತ್ತವರು ಅದಾರೇನು?"

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಎರ್ರಿಸ್ವಾಮಿ ಮಗಳು ಜಂಬಮ್ಮ. ಹೊಟ್ಟಿಗೆ ಹದಿನಾಲ್ಕೂ ಸೂಜಿ ಹಾಕಿದ್ವಿ. ಹೋದ ತಿಂಗಳ ಬಳ್ಳಾರಿಯೊಳಗ ಹೋತು ಕೂಸು."

ಎರ್ರಿಸ್ವಾಮಿಯ ಮನೆಗೆ ಬೀಗ. ನಸುಕಿನಲ್ಲೇ ಸಿರುಗುಪ್ಪದ ಬಸ್ಸು ಹತ್ತಿದ, ಹೆಂಡತಿಯ ತವರು ಕರೂರು ಎಂದಳು ನೆರೆಮನೆಯ ಸುಂಕಲಮ್ಮ. ಮಧ್ಯಾಹ್ನ ಕರೂರಿನ ಕಾಲುವೆಯ ದಂಡೆಯಲ್ಲಿ ಅವನು ಅಂಗಿ ಒಗೆಯುತ್ತಿದ್ದ. ಖಾಕಿ ಕಂಡದ್ದೇ ಪಕ್ಕದ ಸಲಿಕೆ ಎತ್ತಿ ಬೀಸಿದ. ಎರ್ರೆಪ್ಪನ ಹೆಗಲ ಮೂಳೆ ಲಟಕ್ಕೆಂದಿತು. ಚಿದಾನಂದಪ್ಪನ ಲಾಠಿ ಮೊಣಕಾಲಿಗೆ ಬಿದ್ದಾಗ ಎರ್ರಿಸ್ವಾಮಿ ಕೆಸರಿಗುರುಳಿ, ಇನ್ಸ್‌ಪೆಕ್ಟರನ ಮುಂಗೈಯನ್ನು ರಕ್ತ ಬರುವಂತೆ ಕಚ್ಚಿದ. ಅವನ ತಲೆಯನ್ನು ಕೆಸರಿಗೆ ಅದುಮಿ ಹಿಡಿದು ಬೇಡಿ ತೊಡಿಸಬೇಕಾಯಿತು.

"ಯಾಕಲೇ ಕೊಂದಿ?" ಠಾಣೆಗೆ ಕರೆತಂದು, ಹೇಳಿಕೆ ಬರೆದುಕೊಳ್ಳಲು ಕೂತು ಕೇಳಿದ ಚಿದಾನಂದಪ್ಪ.

"ನೀರು ಕಂಡ್ರ ಚೀರತಿದ್ಲು ಸಾರ್ ನನ್ನ ಮಗಳು. ಮಂಚಕ್ಕ ಕಟ್ಟಿದ್ರು. ಔಷಧ ತಂಪಿನ್ಯಾಗ ಇಟ್ಟಿದ್ರೇನು ಅಂತ ಬಳ್ಳಾರಿ ಡಾಕ್ಟ್ರು ಕೇಳಿದ್ರು. ಅಲ್ಲೀತನಕ ನನಗ ಗೊತ್ತಿರಲಿಲ್ಲ. ಇವತ್ತು ಬೆಳಕು ಹರಿಯೂದ್ರೊಳಗ ಮತ್ತ ಮದಿವಿ ಭಜಂತ್ರಿ ಕೇಳ್ತು, ನೋಡಾಕ ಹೋದೆ. ಸೀಸೆ ಕಿಟಕ್ಯಾಗ ಇದ್ವು. 'ಒಂದು ರಾತ್ರಿಗೆ ಏನಾಗಂಗಿಲ್ಲ' ಅಂದ."

"ಅಷ್ಟಕ್ಕ?"

"ನನಗೂ ಅದನ್ನಽ ಅಂದಿದ್ದ. ನನ್ನ ತಮ್ಮನ ಮದಿವಿ ಹಿಂದಿನ ದಿನ. ಹೂವಿಗೆ ಜಾಗ ಕೊಡು ಅಂತ ಕಾಲು ಹಿಡಿದಾವ ನಾನಽ. ಸೀಸೆ ತೆಗೆದು ಕಿಟಕ್ಯಾಗ ಇಟ್ಟಿದ್ದೂ ಈ ಕೈಲೇ. ಅದಾಗಿ ವಾರಕ್ಕ ಮಗಳಿಗೆ ನಾಯಿ ಕಡೀತು."

ಚಿದಾನಂದಪ್ಪನ ಪೆನ್ನು ನಿಂತಿತು. ಕೊಲೆಯ ಕಾರಣ 'ಸೇಡು' ಎಂದು ಬರೆದಿದ್ದ. ಯಾರ ಮೇಲಿನ ಸೇಡು ಎಂದು ಬರೆಯಲು ಅವನಿಗೆ ಮನಸ್ಸಾಗಲಿಲ್ಲ. ಇವನು ಬಡಿದದ್ದು ಗೋಪಾಲಕೃಷ್ಣನೊಬ್ಬನನ್ನೇ ಅಲ್ಲ.

"ಸಾರ್," ಎಂದ ಎರ್ರಿಸ್ವಾಮಿ. "ಇವತ್ತು ನಾ ಒಳಗ ಇಟ್ಟು ಬಂದೀನಲ್ಲ, ಆ ಸೀಸೆ ಬ್ಯಾರೆ ಕೂಸಿಗರ ಉಪಯೋಗಕ್ಕ ಬರ್ತಾವೇನ್ರಿ?"

"ಬರಂಗಿಲ್ಲಪ್ಪ. ರಾತ್ರಿಯೆಲ್ಲ ಹೊರಗಿದ್ವು."

ಕೆಸರಿನಲ್ಲಿ ಒದೆ ತಿಂದಾಗಲೂ ಅಳದವನು ಆಗ ಅತ್ತ. ಚಿದಾನಂದಪ್ಪ ಹೊರಗೆ ಬಂದು, ಹೊಸ ಲಸಿಕೆ ತರಲು ಜೀಪನ್ನು ಬಳ್ಳಾರಿಗೆ ಕಳಿಸಿದ.