ಗೂಬೆ ಹೊರಬರುವ ಮುನ್ನ

"ಮೇಡಂ, ಗೂಬೆ ಫಿಲ್ಮಿನ ಎಡಿಟರ್ ಎಲ್ಲಿ ಕೂತಿದಾರೆ ಗೊತ್ತಾ? ಅವರ ಹತ್ತಿರ ಸ್ವಲ್ಪ ಜಗಳ ಆಡೋದಿದೆ."

ಸಭಾಂಗಣದ ಬಾಗಿಲಲ್ಲಿ ನಿಂತಿದ್ದ ಅವಳಿಗೆ ಆ ದನಿ ಕೇಳಿದ್ದೇ ತಡ, ಯಾರೆಂದು ಗೊತ್ತಾಯಿತು. ವರ್ಷವಿಡೀ ಫೋನಿನಲ್ಲಿ ಕೇಳಿದ ದನಿ! ಕಾಡಿನ ಕಿರುಚಿತ್ರಗಳ ಉತ್ಸವದ ನೆಪದಲ್ಲಿ ಅವಳ ಚಿತ್ರದ ಕ್ಯಾಮೆರಾದವನು ಕೊನೆಗೂ ಊರಿಗೆ ಬಂದಿದ್ದ. ಮೊದಲ ಸಲ ಎದುರಿಗೆ ನಿಂತಿದ್ದ. ನಿಂತವನು ಅವಳನ್ನು ಸ್ವಯಂಸೇವಕಿ ಎಂದುಕೊಂಡಿದ್ದ. ಅಕ್ಕನನ್ನು ಕಾಡಿಬೇಡಿ ಅವಳ ಓಲೆ ಹಾಕಿಕೊಂಡು ಬಂದದ್ದಕ್ಕೆ ಸಿಕ್ಕ ಫಲ ಇದು.

"ಯಾಕೆ, ಏನು ಮಾಡಿದ್ರು ಪಾಪ?" ಎಂದಳು, ತಾನೇ ಅವಳೆಂದು ಬಿಟ್ಟುಕೊಡದೆ.

"ಗೂಬೆ ಹೊರಗೆ ಬರೋಕೆ ಮುಂಚೆ ಖಾಲಿ ಪೊಟರೆ ಕಾಣ್ತಾನೇ ಇರಬೇಕು, ನೋಡೋರೂ ನನ್ನ ಹಾಗೆ ಕಾಯಬೇಕು ಅಂದಿದ್ದೆ. ಅದರಲ್ಲಿ ಅರ್ಧ ಕತ್ತರಿಸಿ ಹಾಕಿದಾರೆ. ಭಾರಿ ಹಟ ಆ ಹುಡುಗಿಗೆ."

"ಎದುರಿಗೆ ನೋಡಿದೀರಾ ಅವರನ್ನ?"

"ಇಲ್ಲ, ಎಲ್ಲ ಫೋನಲ್ಲೇ. ನೆಟ್‌ವರ್ಕ್ ಸಿಗಬೇಕಂದ್ರೆ ಗುಡ್ಡ ಹತ್ತಬೇಕು. ಕೆಲವು ದಿನ ಜಗಳಕ್ಕೆ ವಿಷಯಾನೇ ಇರ್ತಿರಲಿಲ್ಲ. ಆದ್ರೂ ಹತ್ತಿದೀನಿ." ಹೇಳಿ ಮುಗಿಸಿದ ಮೇಲೆ ತಾನೇನು ಹೇಳಿದೆನೆಂದು ಹೊಳೆದಿರಬೇಕು, ಕಿವಿ ಕೆರೆದುಕೊಂಡ.

ಅವಳು ನಗು ಮುಚ್ಚಿಕೊಳ್ಳಲು ಮುಖ ತಿರುಗಿಸಿದಳು. 'ನಾನೇ ಅವಳು' ಎನ್ನುವಷ್ಟರಲ್ಲಿ ಆಯೋಜಕರ ಮೈಕು ಗರ್ಜಿಸಿತು: "ಗೂಬೆ ಚಿತ್ರದ ಎಡಿಟರ್ ಮೇಡಂ, ಅಲ್ಲೇ ಬಾಗಿಲಲ್ಲಿ ನಿಂತಿರೋರು, ದಯವಿಟ್ಟು ಮುಂದಿನ ಸಾಲಿಗೆ ಬನ್ನಿ!"

ಅವನ ಕಣ್ಣು ಅವಳ ಓಲೆಯ ಮೇಲೆ, ಅಲ್ಲಿಂದ ತುಟಿಯಂಚಿನ ನಗುವಿನ ಮೇಲೆ ಬಂದು ನಿಂತಿತು. "ನೀವಾ?"

"ನಾನೇ. ಭಾರಿ ಹಟದೋಳು."

ಮುಂದಿನ ಮಾತಿಗೆ ಅವಕಾಶವಾಗಲಿಲ್ಲ. ಅವಳನ್ನು ಮುಂದೆ ಕೂರಿಸಿದರು, ಅವನಿಗೆ ಎಲ್ಲೋ ಹಿಂದೆ ಜಾಗ ಸಿಕ್ಕಿತು. ಮುಖ್ಯ ಅತಿಥಿಯಾಗಿ ಬಂದಿದ್ದ ಅರಣ್ಯಾಧಿಕಾರಿಗಳು ಕಾಡಿನ ಮಹತ್ವದ ಬಗ್ಗೆ ಭಾಷಣ ಶುರು ಮಾಡಿದರು. ಮುಗಿಯುವ ಲಕ್ಷಣವೇ ಕಾಣಲಿಲ್ಲ. ಅವಳು ತಿರುಗಿ ನೋಡಿದರೆ ಅವನು ನೋಡುತ್ತಿದ್ದ, ಅವನು ನಕ್ಕರೆ ಯಾರದ್ದೋ ತಲೆ ಅಡ್ಡ ಬರುತ್ತಿತ್ತು.

ಅವರಿಬ್ಬರ ಚಿತ್ರವಿದ್ದದ್ದು ಒಂದು ಮುದಿ ಮರದ ಬಗ್ಗೆ. ಟೊಳ್ಳಾಗಿದೆ, ಕೆಲಸಕ್ಕೆ ಬಾರದು ಎಂದು ಕಡಿಯಲು ಗುರುತು ಹಾಕಿದ್ದರು. ಆ ಟೊಳ್ಳಿನಲ್ಲೇ ಗೂಬೆಯ ಸಂಸಾರವಿತ್ತು. ಕಡಿಯುವ ಅಪ್ಪಣೆಗೆ ಸಹಿ ಹಾಕಬೇಕಾದವರು ಈ ಅತಿಥಿಯೇ. ಅವರು ನೋಡಲಿ ಎಂದೇ ಇಷ್ಟೆಲ್ಲ ಪಾಡು.

ಕೊನೆಗೂ ಚಿತ್ರ ಶುರುವಾಯಿತು. ಮಬ್ಬುಗತ್ತಲು, ಮರ, ಖಾಲಿ ಪೊಟರೆ. ಇನ್ನೇನು ಗೂಬೆ ಇಣುಕಬೇಕು, ಅಷ್ಟರಲ್ಲಿ ದೀಪ ಹತ್ತಿತು.

"ಅತಿಥಿಗಳಿಗೆ ಬೇರೆ ಕಾರ್ಯಕ್ರಮವಿದೆ. ಚಿತ್ರವನ್ನು ಇಲ್ಲಿಗೇ ನಿಲ್ಲಿಸಿ ಸನ್ಮಾನ ಮುಗಿಸೋಣ," ಎಂದರು ಆಯೋಜಕರು.

ಅಧಿಕಾರಿ ಹಾರ ಹಾಕಿಸಿಕೊಂಡು, ಅವಳತ್ತ ಬಾಗಿ ಮೆಚ್ಚುಗೆಯಿಂದ ಹೇಳಿದರು: "ಖಾಲಿ ಮರಾನ ಎಷ್ಟು ಚೆನ್ನಾಗಿ ತೋರಿಸಿದೀರಮ್ಮ!"

ಅವಳ ಮೈ ಉರಿದುಹೋಯಿತು. ಹೊರಗೆ ಕಾರಿಡಾರಿನಲ್ಲಿ ಅವನು ಸಿಕ್ಕಿದ್ದೇ ಸಿಡಿದಳು. "ನಾನು ಅಂದ್ಕೊಂಡ ಹಾಗೆ ಪೂರ್ತಿ ಕತ್ತರಿಸಿದ್ರೆ ಗೂಬೆ ಆಗ್ಲೇ ಹೊರಗೆ ಬಂದಿರ್ತಿತ್ತು! ನಿಮ್ಮ ಮುಖ ನೋಡಿ ಅರ್ಧ ಉಳಿಸಿದೆ."

"ನನ್ನ ಮುಖ ನೀವೆಲ್ಲಿ ನೋಡಿದ್ರಿ? ಎಲ್ಲಾ ನನ್ನ ಮೇಲೇ ಹಾಕಿ!"

"ಗೂಬೆ ಕೂರಿಸೋಕೆ ಇವತ್ತಿಗಿಂತ ಒಳ್ಳೇ ದಿನ ಇಲ್ಲ ಬಿಡಿ," ಎಂದು ನಕ್ಕಳು ಜೊತೆಗಿದ್ದ ಅಕ್ಕ. ಇಬ್ಬರೂ ಅಕ್ಕನನ್ನು ದುರುಗುಟ್ಟಿ ನೋಡಿದರು. "ನನ್ನನ್ನ ಯಾಕೆ ನುಂಗೋ ಹಾಗೆ ನೋಡ್ತೀರಾ? ಅಲ್ಲಿ ನೋಡಿ, ಆ ಮನುಷ್ಯ ಕಾರು ಹತ್ತುತಾ ಇದಾರೆ."

ಅವಳು ಲ್ಯಾಪ್‌ಟಾಪ್ ಅವಚಿಕೊಂಡು ಓಡಿದಳು. ಹಿಂದೆಯೇ ಅವನು. "ಸರ್, ಎರಡೇ ನಿಮಿಷ!" ಎಂದು ಕಾರಿನ ಬಾನೆಟ್ ಮೇಲೆ ತೆರೆದಿಟ್ಟರೆ, ಬಿಸಿಲಿಗೆ ಪರದೆಯ ಮೇಲೆ ಏನೂ ಕಾಣಲೊಲ್ಲದು. ಅವಳು ಅಳುವುದೊಂದೇ ಬಾಕಿ. ಅವನು ಜಾಕೆಟ್ ಬಿಚ್ಚಿ ಚಪ್ಪರದಂತೆ ಎತ್ತಿ ಹಿಡಿದ. ಅವನ ತೋಳು ಅವಳ ಭುಜಕ್ಕೆ ತಾಗಿತು. ಇಬ್ಬರೂ ಸರಿಯಲಿಲ್ಲ.

ನೆರಳಿನಲ್ಲಿ ಪೊಟರೆ ಕಂಡಿತು. ಎರಡು ದುಂಡು ಕಣ್ಣು ಹೊರಬಂದವು. ಗೂಬೆಯ ರೆಕ್ಕೆಯಡಿಯಿಂದ ಹತ್ತಿಯುಂಡೆಯಂಥ ಮರಿಯೊಂದು ಲೋಕವನ್ನು ಅನುಮಾನದಿಂದ ನೋಡಿತು.

"ಅರೆ, ಮರಿ ಬೇರೆ ಇದೆಯಾ?" ಅಧಿಕಾರಿ ಪರದೆಯತ್ತ ಬಾಗಿದರು. ಆಮೇಲೆ ಕೈಗಡಿಯಾರ ನೋಡಿಕೊಂಡು, "ನೋಡೋಣ," ಎಂದು ಕಾರು ಹತ್ತಿದರು.

"ನೋಡೋಣ ಅಂತೆ!" ಕಾರು ಗೇಟು ದಾಟುತ್ತಲೇ ಅವಳು ಲ್ಯಾಪ್‌ಟಾಪ್ ಪಟ್ಟನೆ ಮುಚ್ಚಿ ಕಣ್ಣೊರೆಸಿಕೊಂಡಳು. "ಒಂದು ಮರ ಬಿಟ್ಟುಬಿಡೋಕೆ ಏನು ಧಾಡಿ ಇವರಿಗೆ?"

"ಸಂಜೆ ಬಸ್ಸಿಗೇ ವಾಪಸ್ ಹೋಗ್ತೀನಿ. ಮರದ ಹತ್ತಿರ ಯಾರಾದ್ರೂ ಇರಬೇಕು."

"ಹೋಗಿ. ನಿಮಗೆ ಆ ಗೂಬೆನೇ ಸರಿ."

ಅವನು ಹೋಗಲಿಲ್ಲ. ಜಾಕೆಟ್ಟನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. "ಆ ಪೊಟರೆ ಮುಂದೆ ತಿಂಗಳುಗಟ್ಟಲೆ ಕೂತಿದೀನಿ, ಒಂದು ದಿನಾನೂ ಬೇಜಾರಾಗಿಲ್ಲ. ಇವತ್ತು ನಿಮ್ಮ ಬೆನ್ನು ನೋಡ್ತಾ ಆ ಭಾಷಣ ಕೇಳೋ ಹೊತ್ತಿಗೆ ತಲೆ ಕೆಟ್ಟುಹೋಯ್ತು."

"ಬೆನ್ನು ಯಾಕೆ ನೋಡ್ಬೇಕಿತ್ತು?"

"ಮುಖ ಆ ಕಡೆ ಇತ್ತಲ್ಲ."

ಅಳುವಿನ ನಡುವೆಯೇ ಅವಳಿಗೆ ನಗು ಉಕ್ಕಿತು. ಅದೇ ಧೈರ್ಯದಲ್ಲಿ ಅವನು ಹೇಳಿಬಿಟ್ಟ: "ನೀವಂದ್ರೆ ನಂಗೆ ತುಂಬಾ ಇಷ್ಟ. ಗುಡ್ಡದ ಮೇಲಿಂದ ಎಷ್ಟೋ ಸಲ ಹೇಳೋಣ ಅಂದ್ಕೊಂಡೆ. ಅಷ್ಟರಲ್ಲಿ ನೀವು ಬೈಯೋಕೆ ಶುರು ಮಾಡ್ತಿದ್ರಿ."

"ನಾನು ಬೈತಿದ್ದದ್ದೇ ನೀವು ಬೇರೆ ಏನೂ ಹೇಳಲ್ಲ ಅಂತ!" ಎಂದಳು. ತಡೆದಿಟ್ಟದ್ದೆಲ್ಲ ಒಮ್ಮೆಗೇ ನುಗ್ಗಿತು. "ಕೈಯಲ್ಲಿರೋ ಕೆಲಸ ಮುಗಿಸಿ ಮುಂದಿನ ವಾರ ನಾನೂ ಬರ್ತೀನಿ. ಕಡಿಯೋಕೆ ಬಂದ್ರೆ ಅಡ್ಡ ನಿಲ್ಲೋಕೆ ನೀವೊಬ್ಬರೇ ಸಾಲಲ್ಲ. ನಿಮಗೆ ಜಗಳ ಆಡೋಕೇ ಬರಲ್ಲ."

ಅವನು ಕೈ ಚಾಚಿದ. ಅಂಗೈ ತುಂಬ ಮುಳ್ಳಿನ ಗೀರುಗಳು. "ಒಂದಿಷ್ಟು ಮುಲಾಮಾದ್ರೂ ಹಚ್ಚೋದಲ್ವಾ?" ಎಂದು ಗದರಿಸುತ್ತಲೇ ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಹಿಂದಿನಿಂದ ಯಾವುದೋ ಕಾರು ದಾರಿ ಬಿಡಿರೆಂದು ಹಾರ್ನ್ ಬಡಿಯಿತು.

"ಥೂ!" ಎಂದರು ಇಬ್ಬರೂ ಒಟ್ಟಿಗೇ. ಪಕ್ಕಕ್ಕೆ ಸರಿದರು, ಕೈ ಬಿಡದೆ.