ಕೆಜಾಯಾಳ ಹೊಲಕ್ಕೆ ಬಿದ್ದ ಮತ

“ಆಸಾ ಪೆಟಿಬೋನ್ ಸಭೇಲಿ ಎದ್ದು ನಿಂತನಂತೆ ಕಣೇ ಕೆಜಾಯಾ. ಮೊಂಡುಗೈ ಎತ್ತಿ ತೋರಿಸಿ, ‘ಇದು ರಾಜನ ಕಡೆಯೋರು ಮಾಡಿದ್ದು’ ಅಂದನಂತೆ. ನಮ್ಮೆಜಮಾನ್ರು ಅಷ್ಟು ಕೇಳಿಸ್ಕೊಂಡು ಗಾಡಿ ಹತ್ತಿಬಿಟ್ರು.”

ಪಕ್ಕದ ಮನೆಯ ಮೆಹಿಟಬೆಲ್ ಹೇಳಿ ಹೋದಳು. ಕೆಜಾಯಾ ಜೋಳದ ಹಿಟ್ಟಿನಲ್ಲಿ ಕೈ ಬಿಟ್ಟುಕೊಂಡೇ ನಿಂತಳು.

ಅವಳ ಗಂಡ ಇಂಗ್ಲೆಂಡಿನ ರಾಜನ ಪರ ಹೋರಾಡಿ ಸತ್ತಿದ್ದ. ಯುದ್ಧದಲ್ಲಿ ಅಮೆರಿಕ ಗೆದ್ದಿತು. ನದಿ ದಂಡೆಯ ಅವನ ಹೊಲ, ಅದರಲ್ಲಿದ್ದ ಮನೆ ಸಮೇತ, ಹೊಸ ರಾಜ್ಯದ ವಶವಾಯಿತು. ಅಂಥ ವಿಧವೆಯರಿಗೆ ಹೊಲ ಮರಳಿಸಬೇಕೇ ಎಂಬ ಪ್ರಶ್ನೆ ಈಗ ಶಾಸನಸಭೆಯ ಮುಂದಿತ್ತು. ಅಲ್ಲಿ ಈ ಊರಿನ ಪರವಾಗಿ ಮತ ಹಾಕುವ ಶಾಸಕ ಆಸಾ. ಅದೇ ಯುದ್ಧದಲ್ಲಿ ಎಡಗೈ ಕಳೆದುಕೊಂಡು ಬಂದವನು ಅವನು.

ಆದರೂ ಚಳಿಗಾಲವಿಡೀ ಒಂದೇ ಕೈಯಲ್ಲಿ ಸೌದೆ ಸೀಳಿ ಅವಳ ಬಾಗಿಲಿಗೆ ತಂದು ಹಾಕಿದವನೂ ಅವನೇ. ಪ್ರಾರ್ಥನಾ ಮಂದಿರದಲ್ಲಿ ಅವಳು ತಲೆ ಎತ್ತಿದಾಗಲೆಲ್ಲ ಅವನ ಕಣ್ಣು ಅವಳ ಮೇಲಿರುತ್ತಿತ್ತು. ಸಿಕ್ಕಿಬಿದ್ದ ಕೂಡಲೇ ಚಾವಣಿಗೆ ಹಾರುತ್ತಿತ್ತು.

“ಚಾವಣಿ ಸೋರ್ತಾ ಇದೆಯಾ, ಶಾಸಕರೇ?” ಎಂದು ಒಮ್ಮೆ ಕೇಳಿದ್ದಳು. ಅವನ ಕಿವಿ ಕೆಂಪಾಗಿತ್ತು.

ಆದರೆ ಸಭೆಗೆ ಹೊರಟ ದಿನ ಅವನು ಅವಳತ್ತ ನೋಡದೆ ಕುದುರೆ ಓಡಿಸಿದ್ದ.

ಸಂಜೆ ಗೊರಸಿನ ಸದ್ದಾಯಿತು. ಕೆಸರು ಮೆತ್ತಿದ ಬೂಟಿನಲ್ಲಿ ಆಸಾ ಹೊಸ್ತಿಲಾಚೆ ನಿಂತಿದ್ದ.

“ಮನೆ ಯಾವತ್ತು ಖಾಲಿ ಮಾಡ್ಬೇಕು? ಹೇಳಿಬಿಡಿ,” ಎಂದಳು.

“ಯಾಕೆ ಖಾಲಿ ಮಾಡ್ತೀರಿ? ಹೊಲ ನಿಮ್ದೇ. ಕೂದಲೆಳೆಯಲ್ಲಿ ಗೆದ್ವಿ.”

“ಕೈ ತೋರಿಸಿದ್ರಂತೆ...”

“ತೋರಿಸ್ದೆ. ‘ಕೈ ಕಳ್ಕೊಂಡೋನು ನಾನು. ನಂಗೇ ಆ ಹೆಂಗಸರ ಮೇಲೆ ಸಿಟ್ಟಿಲ್ಲ, ನಿಮಗ್ಯಾಕೆ?’ ಅಂದೆ. ಮುಂದಿನ ಸಲ ಊರೋರು ನನ್ನ ಗೆಲ್ಲಿಸಲ್ಲ ಬಿಡಿ.”

ಅವಳು ಬೆಂಚಿನ ಮೇಲೆ ಕುಳಿತಳು. “ಹೋಗುವಾಗ ಒಂದು ಮಾತೂ ಆಡ್ಲಿಲ್ಲ ನೀವು. ನನ್ನ ಕಂಡ್ರೆ ಆಗಲ್ಲ ಅಂದ್ಕೊಂಡೆ.”

“ಆಡಿದ್ರೆ ಮನಸ್ಸಲ್ಲಿರೋದೆಲ್ಲ ಬಂದ್ಬಿಡೋದು. ಹೊಲ ಹೋಗತ್ತೆ ಅನ್ನೋ ಭಯಕ್ಕೆ ನೀವು ಹೂಂ ಅಂದ್ಬಿಟ್ರೆ? ಈಗಾದ್ರೆ ನೀವು ನಿಮ್ಮನೇಲೇ ನಿಂತು ‘ಆಗಲ್ಲ, ನಡೀರಿ’ ಅನ್ಬಹುದು. ಅದಕ್ಕೇ ಕೇಳ್ತಿದೀನಿ. ನನ್ನ ಮದ್ವೆ ಆಗ್ತೀರಾ?”

ಅವಳು ಬೆಂಚಿನಿಂದ ಎದ್ದಳು. “ಮದ್ವೆ ಆದ್ರೆ ಹೊಲ ಗಂಡನ ಪಾಲಾಗತ್ತೆ. ಕಾನೂನು ಹಾಗೇ ಅಲ್ವಾ?”

ಕಾನೂನು ಮಾಡುವವನಿಗೆ ಆ ಕಾನೂನು ನೆನಪೇ ಆಗಿರಲಿಲ್ಲ. ಮುಖ ಬಿಳಿಚಿಕೊಂಡಿತು. “ಹೌದು. ಹಾಗಾದ್ರೆ ಬೇಡ ಅನ್ನಿ. ನಾನು ಬೇಜಾರು ಮಾಡ್ಕೊಳ್ಳಲ್ಲ.”

ಅವನು ಮೆಟ್ಟಿಲಿಳಿದ. ಕುದುರೆಯ ಜೀನಿಗೆ ಕೈ ಹಾಕಿದ.

ಕೆಜಾಯಾ ನೋಡುತ್ತ ನಿಂತಳು. ಸತ್ತ ಗಂಡ ಯುದ್ಧಕ್ಕೆ ಹೊರಟಾಗಲೂ ಅವಳನ್ನೊಂದು ಮಾತು ಕೇಳಿರಲಿಲ್ಲ. ಇವನು ಕೇಳಿದ್ದಲ್ಲದೆ, ಬೇಡ ಅನ್ನುವ ಹಕ್ಕನ್ನೂ ಕೈಗಿಟ್ಟು ಹೊರಟಿದ್ದ.

ಓಡಿಹೋಗಿ ಅವನ ಕೋಟಿನ ಚುಂಗು ಹಿಡಿದಳು.

“ಕೇಳಿದ ಮೇಲೆ ಉತ್ತರಕ್ಕೆ ನಿಲ್ಲಬಾರದಾ?”

ಅವನು ತಿರುಗಿದ. ಈ ಸಲ ಕಣ್ಣು ತಪ್ಪಿಸಲಿಲ್ಲ.

“ನಂಗೆ ಭಯ ಆಗ್ತಿದೆ, ಆಸಾ.” ಅವನನ್ನು ಬರೀ ಹೆಸರಿನಿಂದ ಕರೆದದ್ದು ಅದೇ ಮೊದಲು. “ಆದ್ರೂ ಹೂಂ.”